ಕಪ್ಪೆಯೊಳಗಿನ ಮರಿಹುಳು ಮತ್ತು ಪ್ಯಾಟ್ರಿಕ್ ಮ್ಯಾನ್ಸನ್

ಉಷ್ಣವಲಯದ ವೈದ್ಯಶಾಸ್ತ್ರದ ಪಿತಾಮಹರೆಂದು ಹೆಸರಾದ ಸರ್ ಪ್ಯಾಟ್ರಿಕ್ ಮ್ಯಾನ್ಸನ್ ಅವರನ್ನು ಜಗತ್ತು ನೆನೆಯುವುದು ಸೊಳ್ಳೆಯ ಕಾರಣಕ್ಕೆ. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆಂದು 1877ರಲ್ಲಿ ತೋರಿಸಿಕೊಟ್ಟವರು ಅವರು. ಮಲೇರಿಯಾದ ಮೂಲವನ್ನೂ ಸೊಳ್ಳೆಯಲ್ಲೇ ಹುಡುಕಬೇಕೆಂದು ರೊನಾಲ್ಡ್ ರಾಸ್ ಅವರಿಗೆ ದಾರಿ ತೋರಿಸಿದವರೂ ಅವರೇ.

ಆದರೆ ಅವರ ಹೆಸರನ್ನು ಹೊತ್ತ ಬೇರೊಂದು ಜೀವಿಯೂ ಇದೆ. ಏಷ್ಯಾದ ಗದ್ದೆ, ಕೆರೆ, ಜೌಗುಗಳಲ್ಲಿ ಬದುಕುವ ಕಪ್ಪೆಗಳ ತೊಡೆಯ ಮಾಂಸದಲ್ಲಿ ಬಿಳಿಯ ದಾರದಂತೆ ಮಡಿಚಿಕೊಂಡು ಕುಳಿತಿರುವ ಲಾಡಿಹುಳುವಿನ ಮರಿ ಅದು. ವಿಜ್ಞಾನದಲ್ಲಿ ಅದರ ಹೆಸರು ಸ್ಪೈರೋಮೆಟ್ರಾ ಮ್ಯಾನ್ಸೋನಿ. ಮ್ಯಾನ್ಸನ್ ಅದನ್ನು ಕಂಡದ್ದು ಕಪ್ಪೆಯಲ್ಲಲ್ಲ, ಮನುಷ್ಯನ ಶವದಲ್ಲಿ. ಅದು ಅಲ್ಲಿಗೆ ತಲುಪಿದ ಹಾದಿಯನ್ನು ಬಿಡಿಸಿದವರು ಬೇರೆಯವರು. ರೋಗದ ಮೂಲವನ್ನು ರೋಗಿಯ ದೇಹದ ಹೊರಗೂ ಹುಡುಕಬೇಕೆಂದು ಲೋಕಕ್ಕೆ ಕಲಿಸಿದ ವೈದ್ಯನ ಬದುಕಿನಲ್ಲಿ ಈ ಹುಳುವಿನ ಅಧ್ಯಾಯ ಚಿಕ್ಕದು. ಆದರೂ ಅವರ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುವ ಅಧ್ಯಾಯವದು.

ಬ್ಯಾಂಕ್ ಅಧಿಕಾರಿಯ ಮಗ

ಮ್ಯಾನ್ಸನ್ ಜನಿಸಿದ್ದು 1844ರ ಅಕ್ಟೋಬರ್ 3ರಂದು, ಸ್ಕಾಟ್ಲೆಂಡಿನ ಅಬರ್ಡೀನ್ ಸಮೀಪದ ಓಲ್ಡ್‌ಮೆಲ್ಡ್ರಮ್ ಎಂಬ ಪುಟ್ಟ ಊರಿನಲ್ಲಿ. ತಂದೆ ಸ್ಥಳೀಯ ಬ್ಯಾಂಕ್ ಶಾಖೆಯ ವ್ಯವಸ್ಥಾಪಕರು. ಒಂಬತ್ತು ಮಕ್ಕಳ ತುಂಬು ಸಂಸಾರ. ಓದಿಗಿಂತ ಮೀನುಗಾರಿಕೆ, ಬೇಟೆ ಮತ್ತು ಮರಗೆಲಸದಲ್ಲೇ ಬಾಲಕನಿಗೆ ಹೆಚ್ಚು ಆಸಕ್ತಿ. ಹೊಲಕ್ಕೆ ಬಂದ ಬೆಕ್ಕೊಂದನ್ನು ಹೊಡೆದು, ಕೊಯ್ದು, ಅದರ ಕರುಳಿನಿಂದ ಲಾಡಿಹುಳುವನ್ನು ಹೊರತೆಗೆದಿದ್ದನೆಂಬ ಕಥೆ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಮುಂದೆ ಅವರ ಹೆಸರು ಹೊರಲಿದ್ದ ಹುಳು ಕೂಡ ಪ್ರೌಢಾವಸ್ಥೆಯಲ್ಲಿ ವಾಸಿಸುವುದು ಬೆಕ್ಕು, ನಾಯಿಗಳ ಕರುಳಿನಲ್ಲೇ ಎಂಬುದು ಒಂದು ಕಾಕತಾಳೀಯ.

ಹದಿಹರೆಯದಲ್ಲಿ ತಾಯಿಯ ಬಂಧುಗಳ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದರು. ಆದರೆ ಬೆನ್ನುಮೂಳೆಯ ಕಾಯಿಲೆ ಅವರನ್ನು ಹಾಸಿಗೆಗೆ ಕೆಡವಿತು. ಆ ಬಿಡುವಿನಲ್ಲಿ ಬೆಳೆದ ಓದು ಅವರನ್ನು ವೈದ್ಯಶಾಸ್ತ್ರದ ಕಡೆಗೆ ತಿರುಗಿಸಿತು. 1860ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯ ಸೇರಿದ ಅವರು ವ್ಯಾಸಂಗ ಮುಗಿಸುವ ಹೊತ್ತಿಗೆ ಪದವಿ ಪಡೆಯುವ ವಯಸ್ಸೇ ಆಗಿರಲಿಲ್ಲ. 1865ರಲ್ಲಿ ಪದವಿ ದೊರೆಯಿತು. ಡರ್ಹಮ್‌ನ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಕೆಲಕಾಲ ದುಡಿದು, 1866ರಲ್ಲಿ ಚೀನಾದ ಸಾಮ್ರಾಜ್ಯಶಾಹಿ ಕಡಲ ಸುಂಕ ಇಲಾಖೆಯ ವೈದ್ಯಾಧಿಕಾರಿಯಾಗಿ ಫಾರ್ಮೋಸಾ ದ್ವೀಪಕ್ಕೆ ಹೊರಟರು. ಅದು ಇಂದಿನ ತೈವಾನ್.

ಏಮಾಯ್ ಬಂದರಿನ ವೈದ್ಯ

1871ರಲ್ಲಿ ಮ್ಯಾನ್ಸನ್ ಚೀನಾದ ಮುಖ್ಯ ಭೂಮಿಯ ಏಮಾಯ್ ಬಂದರಿಗೆ ವರ್ಗವಾದರು. ಇಂದು ಷಿಯಾಮೆನ್ ಎಂದು ಕರೆಯುವ ನಗರ ಅದು. ಹಡಗುಗಳ ತಪಾಸಣೆ, ನಾವಿಕರ ಚಿಕಿತ್ಸೆ ಅವರ ಅಧಿಕೃತ ಕೆಲಸ. ಉಳಿದ ಸಮಯ ಸ್ಥಳೀಯ ಆಸ್ಪತ್ರೆಗೆ ಮೀಸಲು. ಆನೆಕಾಲು ರೋಗದಿಂದ ಬೆಳೆದ ಭಾರೀ ಗಡ್ಡೆಗಳನ್ನು ಹೊತ್ತು, ನಡೆಯಲೂ ಆಗದೆ ಬರುತ್ತಿದ್ದ ಬಡವರೇ ಅಲ್ಲಿ ಅಧಿಕ. ಗಡ್ಡೆಗಳನ್ನು ಕತ್ತರಿಸಿ ತೆಗೆಯುವುದರಲ್ಲಿ ಅವರು ಪಳಗಿದರು. ಆದರೆ ರೋಗದ ಕಾರಣ ಮಾತ್ರ ತಿಳಿದಿರಲಿಲ್ಲ.

1874ರ ಸುಮಾರಿಗೆ ರಜೆಯ ಮೇಲೆ ಬ್ರಿಟನ್ನಿಗೆ ಹೋದಾಗ ಗ್ರಂಥಾಲಯದಲ್ಲಿ ಕುಳಿತು ಓದಿದರು. ಕಲ್ಕತ್ತಾದಲ್ಲಿದ್ದ ಸೇನಾ ವೈದ್ಯ ಟಿಮೊತಿ ಲೂಯಿಸ್ 1872ರಲ್ಲಿ ಮನುಷ್ಯರ ರಕ್ತದಲ್ಲಿ ಸೂಕ್ಷ್ಮವಾದ ಮರಿಹುಳುಗಳನ್ನು ಕಂಡ ವಿಷಯ ಅಲ್ಲಿ ಗೊತ್ತಾಯಿತು. 1875ರಲ್ಲಿ ಹೆನ್ರಿಯೆಟ್ಟಾ ಥರ್ಬರ್ನ್ ಅವರನ್ನು ವಿವಾಹವಾಗಿ, ಸೂಕ್ಷ್ಮದರ್ಶಕದೊಂದಿಗೆ ಏಮಾಯ್‌ಗೆ ಮರಳಿದರು.

ರೋಗಿಗಳ ರಕ್ತವನ್ನು ಪರೀಕ್ಷಿಸುತ್ತ ಹೋದಂತೆ ಮ್ಯಾನ್ಸನ್‌ಗೆ ಪ್ರಶ್ನೆಯೊಂದು ಎದುರಾಯಿತು. ರಕ್ತದಲ್ಲಿ ಲಕ್ಷಗಟ್ಟಲೆ ಇರುವ ಈ ಮರಿಗಳೆಲ್ಲ ಅಲ್ಲೇ ಬೆಳೆದರೆ ಮನುಷ್ಯ ಬದುಕುಳಿಯಲಾರ. ಅಂದರೆ ಅವು ಬೆಳೆಯಲು ಬೇರೊಂದು ದೇಹ ಬೇಕು. ರಕ್ತದಿಂದ ಅವುಗಳನ್ನು ಹೊರಗೆ ಒಯ್ಯುವ ಜೀವಿ ಯಾವುದು? ಸೊಳ್ಳೆಯೇ ಇರಬೇಕೆಂದು ಅವರು ಊಹಿಸಿದರು.

1877ರಲ್ಲಿ ಈ ಊಹೆಯ ಪರೀಕ್ಷೆ ನಡೆಯಿತು. ರಕ್ತದಲ್ಲಿ ಹುಳುಗಳಿದ್ದ ತಮ್ಮ ತೋಟದ ಮಾಲಿ ಹಿನ್ ಲೋ ಎಂಬಾತನನ್ನು ಒಂದು ಕೊಠಡಿಯಲ್ಲಿ ಮಲಗಿಸಿದರು. ದೀಪದ ಬೆಳಕಿಗೆ ಸೊಳ್ಳೆಗಳು ಒಳಬಂದ ಮೇಲೆ ಬಾಗಿಲು ಮುಚ್ಚಲಾಯಿತು. ಬೆಳಿಗ್ಗೆ ರಕ್ತ ಕುಡಿದು ಗೋಡೆಗೆ ಅಂಟಿದ್ದ ಸೊಳ್ಳೆಗಳನ್ನು ಹಿಡಿದು, ದಿನದಿನವೂ ಕೊಯ್ದು ನೋಡಿದರು. ಹುಳುಗಳು ಸಾಯುತ್ತಿರಲಿಲ್ಲ. ಸೊಳ್ಳೆಯ ಎದೆಯ ಸ್ನಾಯುಗಳಲ್ಲಿ ಹಂತಹಂತವಾಗಿ ಬೆಳೆಯುತ್ತಿದ್ದವು. ರಕ್ತ ಹೀರುವ ಕೀಟವೊಂದು ಮನುಷ್ಯನ ರೋಗದ ಹುಳುವನ್ನು ತನ್ನೊಳಗೆ ಬೆಳೆಸುತ್ತದೆ ಎಂಬುದು ಅಲ್ಲಿಯವರೆಗೆ ಯಾರೂ ಕಾಣದ ಸಂಗತಿ.

ಈ ಮರಿಹುಳುಗಳು ರಾತ್ರಿಯ ವೇಳೆ ಮಾತ್ರ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆಂಬುದನ್ನೂ ಮ್ಯಾನ್ಸನ್ ಪತ್ತೆಹಚ್ಚಿದರು. ಕಲಬುರಗಿ, ಬೀದರ್ ಹಾಗೂ ಕರಾವಳಿ ಜಿಲ್ಲೆಗಳಲ್ಲಿ ಆನೆಕಾಲು ರೋಗದ ಸಮೀಕ್ಷೆಗೆಂದು ಆರೋಗ್ಯ ಸಿಬ್ಬಂದಿ ರಾತ್ರಿ ಹೊತ್ತು ಮನೆಮನೆಗೆ ತೆರಳಿ ರಕ್ತದ ಮಾದರಿ ಸಂಗ್ರಹಿಸುತ್ತ ಬಂದಿರುವುದಕ್ಕೆ ಏಮಾಯ್‌ನ ಆ ಶೋಧವೇ ಆಧಾರ.

ಅರ್ಧ ಸತ್ಯ

ಆದರೆ ಮ್ಯಾನ್ಸನ್ ಅಲ್ಲಿ ಒಂದು ತಪ್ಪು ಮಾಡಿದರು. ಸೊಳ್ಳೆ ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ನೀರಿಗೆ ಬಿದ್ದು ಸಾಯುತ್ತದೆಂದೂ, ಹುಳುಗಳು ಆ ನೀರಿಗೆ ಸೇರಿ, ಅದನ್ನು ಕುಡಿದವರ ದೇಹ ಹೊಗುತ್ತವೆಂದೂ ಅವರು ನಂಬಿದರು. ಸೊಳ್ಳೆ ಮತ್ತೆ ಕಚ್ಚಬಹುದೆಂಬ ಸಾಧ್ಯತೆ ಅವರಿಗೆ ಹೊಳೆಯಲಿಲ್ಲ. ಸೊಳ್ಳೆಯ ಜೀವನಕ್ರಮದ ಬಗ್ಗೆ ಆ ಕಾಲದಲ್ಲಿ ದೊರೆಯುತ್ತಿದ್ದ ಮಾಹಿತಿ ಅಷ್ಟು ಅಲ್ಪವಾಗಿತ್ತು. ಈ ಅರ್ಧ ಸತ್ಯ ಮುಂದಿನ ಇಪ್ಪತ್ತು ವರ್ಷಗಳ ಕಾಲ ಅವರನ್ನೂ ಅವರನ್ನು ನಂಬಿದವರನ್ನೂ ಕಾಡಿತು.

ಹನ್ನೆರಡು ಬಿಳಿಯ ಹುಳುಗಳು

ಏಮಾಯ್‌ನಲ್ಲಿ ಮ್ಯಾನ್ಸನ್ ಅವರ ಗಮನ ಫೈಲೇರಿಯಾ ಒಂದಕ್ಕೇ ಸೀಮಿತವಾಗಿರಲಿಲ್ಲ. 1880ರಲ್ಲಿ, ಹಿಂದೆ ಫಾರ್ಮೋಸಾದಲ್ಲಿ ವಾಸವಿದ್ದ ರೋಗಿಯೊಬ್ಬ ಕೆಮ್ಮಿದ ರಕ್ತಮಿಶ್ರಿತ ಕಫವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಹುಳುವಿನ ಮೊಟ್ಟೆಗಳು ಕಂಡವು. ಶ್ವಾಸಕೋಶದಲ್ಲಿ ವಾಸಿಸುವ ಚಪ್ಪಟೆ ಹುಳುವಿನ ಮೊಟ್ಟೆಗಳವು. ಮ್ಯಾನ್ಸನ್ ಅವುಗಳನ್ನು ನೀರಿನಲ್ಲಿಟ್ಟು ಮರಿ ಮಾಡಿಸಿದರು. ಈಜುವ ಆ ಮರಿಗಳಿಗೆ ಸಿಹಿನೀರಿನ ಬಸವನಹುಳು ಆಸರೆಯಾಗಿರಬೇಕೆಂದು ಊಹಿಸಿದರು. ಅದು ನಿಜವೆಂದು ಜಪಾನಿನ ಸಂಶೋಧಕರು ಮುಂದೆ ತೋರಿಸಿದರು. ಬಸವನಹುಳುವಿನ ನಂತರ ಏಡಿ, ಏಡಿಯ ನಂತರ ಮನುಷ್ಯ ಎಂಬ ಸರಣಿ ಪೂರ್ಣಗೊಂಡಿತು.

ಮರುವರ್ಷ, ಅಂದರೆ 1881ರಲ್ಲಿ, ಫೈಲೇರಿಯಾ ಸಂಬಂಧಿ ಕಾಯಿಲೆಯಿಂದ ಬಳಲಿದ್ದ ಚೀನೀ ವ್ಯಕ್ತಿಯೊಬ್ಬನ ಶವಪರೀಕ್ಷೆ ಮಾಡುವ ಅವಕಾಶ ಒದಗಿತು. ಶವ ಕೊಯ್ಯುವುದಕ್ಕೆ ಸಮಾಜದ ತೀವ್ರ ವಿರೋಧವಿದ್ದ ಆ ನಾಡಿನಲ್ಲಿ ಅಂಥ ಅವಕಾಶ ತೀರ ಅಪರೂಪ. ಮ್ಯಾನ್ಸನ್ ಹುಡುಕುತ್ತಿದ್ದುದು ದೊಡ್ಡ ಫೈಲೇರಿಯಾ ಹುಳುವನ್ನು. ಆದರೆ ಮೂತ್ರಪಿಂಡಗಳ ಸುತ್ತಮುತ್ತ, ಹೊಟ್ಟೆಯ ಒಳಪೊರೆಯ ಕೆಳಗೆ ಬೇರೆಯದೇ ಜೀವಿಗಳು ಸಿಕ್ಕವು. ರಿಬ್ಬನ್ನಿನಂತೆ ಚಪ್ಪಟೆಯಾದ, ಸುಮಾರು ಒಂದಡಿ ಉದ್ದದ, ಮೆಲ್ಲನೆ ಹೊರಳುತ್ತಿದ್ದ ಬಿಳಿಯ ಹುಳುಗಳು. ಎದೆಗೂಡಿನಲ್ಲಿ ದೊರೆತದ್ದೂ ಸೇರಿ ಒಟ್ಟು 12.

ಅವುಗಳಲ್ಲಿ ಲಾಡಿಹುಳುವಿನ ತಲೆಯ ಕೊಕ್ಕೆಗಳಿರಲಿಲ್ಲ. ಸಂತಾನೋತ್ಪತ್ತಿಯ ಅಂಗಗಳೂ ಇರಲಿಲ್ಲ. ಅಂದರೆ ಅವು ಪ್ರೌಢ ಹುಳುಗಳಲ್ಲ, ಮರಿಗಳು. ಮ್ಯಾನ್ಸನ್ ಈ ವಿವರವನ್ನು 1882ರಲ್ಲಿ ಪ್ರಕಟಿಸಿದರು. ಮಾದರಿಗಳನ್ನು ಪರಿಶೀಲಿಸಿದ ಲಂಡನ್ನಿನ ಹುಳುತಜ್ಞ ಸ್ಪೆನ್ಸರ್ ಕಾಬೋಲ್ಡ್ 1883ರಲ್ಲಿ ಆ ಮರಿಗೆ ಮ್ಯಾನ್ಸನ್ ಅವರ ಹೆಸರನ್ನಿಟ್ಟರು. ಮನುಷ್ಯನಲ್ಲಿ ಈ ಸೋಂಕು ದಾಖಲಾದದ್ದು ಅದೇ ಮೊದಲು. ಅದಕ್ಕೆ ಇಂದಿನ ಹೆಸರು ಸ್ಪಾರ್ಗನೋಸಿಸ್.

ಮರಿಯಿದ್ದರೆ ತಾಯಿಹುಳು ಎಲ್ಲಿ, ಯಾವ ಪ್ರಾಣಿಯಲ್ಲಿ? ಮರಿ ಮನುಷ್ಯನಿಗೆ ಬಂದದ್ದು ಎಲ್ಲಿಂದ? ಸೊಳ್ಳೆ ಮತ್ತು ಬಸವನಹುಳುವಿನ ವಿಷಯದಲ್ಲಿ ಮ್ಯಾನ್ಸನ್ ಕೇಳಿದ್ದು ಇಂಥದೇ ಪ್ರಶ್ನೆಗಳನ್ನು. ಈ ಬಾರಿ ಉತ್ತರ ಅವರಿಗೆ ದಕ್ಕಲಿಲ್ಲ. ಅದು ಇದ್ದದ್ದು ಊರ ಸುತ್ತಲಿನ ಭತ್ತದ ಗದ್ದೆಗಳಲ್ಲಿ ವಟಗುಟ್ಟುತ್ತಿದ್ದ ಕಪ್ಪೆಗಳಲ್ಲಿ.

ಗದ್ದೆಯ ನೀರಿನಿಂದ ಕಣ್ಣಿನವರೆಗೆ

20ನೇ ಶತಮಾನದ ಆರಂಭದ ದಶಕಗಳಲ್ಲಿ, ಮುಖ್ಯವಾಗಿ ಜಪಾನಿನ ವಿಜ್ಞಾನಿಗಳ ಪ್ರಯೋಗಗಳಿಂದ, ಸರಣಿಯ ಕೊಂಡಿಗಳು ಒಂದೊಂದಾಗಿ ಬೆಸೆದುಕೊಂಡವು. ಪ್ರೌಢ ಲಾಡಿಹುಳು ನಾಯಿ, ಬೆಕ್ಕು ಮತ್ತು ಅವುಗಳ ಕಾಡಿನ ಬಂಧುಗಳ ಕರುಳಿನಲ್ಲಿರುತ್ತದೆ. ಅದರ ಮೊಟ್ಟೆಗಳು ಮಲದೊಡನೆ ನೀರು ಸೇರುತ್ತವೆ. ಅಲ್ಲಿ ಹುಟ್ಟಿದ ಈಜುಮರಿಯನ್ನು ಸೈಕ್ಲೋಪ್ಸ್ ಎಂಬ ಸೂಕ್ಷ್ಮ ನೀರುಜೀವಿ ನುಂಗುತ್ತದೆ. ಕರ್ನಾಟಕದ ಹಿರಿಯರಿಗೆ ಈ ಸೈಕ್ಲೋಪ್ಸ್ ಅಪರಿಚಿತವಲ್ಲ. ರಾಜ್ಯದ ಹಳ್ಳಿಗಳನ್ನು ಒಂದು ಕಾಲದಲ್ಲಿ ಕಾಡಿದ್ದ ನಾರುಹುಣ್ಣಿನ ಹುಳುವೂ ಕುಡಿಯುವ ನೀರಿನಲ್ಲಿದ್ದ ಇದೇ ಜೀವಿಯ ಮೂಲಕ ಮನುಷ್ಯರನ್ನು ಸೇರುತ್ತಿತ್ತು. ಆ ಪಿಡುಗಿನಿಂದ ಭಾರತ ಮುಕ್ತವೆಂದು 2000ದಲ್ಲಿ ಘೋಷಣೆಯಾಯಿತು.

ಸೈಕ್ಲೋಪ್ಸನ್ನು ತಿಂದ ಗೊದಮೊಟ್ಟೆ ಅಥವಾ ಕಪ್ಪೆಯ ದೇಹದಲ್ಲಿ ಮರಿಹುಳು ಕರುಳನ್ನು ಭೇದಿಸಿ ಮಾಂಸಖಂಡ ಸೇರುತ್ತದೆ. ಹಿಂಗಾಲಿನ ದಪ್ಪ ಸ್ನಾಯುಗಳು ಅದರ ನೆಚ್ಚಿನ ತಾಣ. ಅಲ್ಲಿ ಅದು ಬೆಳೆಯುವುದಿಲ್ಲ ಎಂದಲ್ಲ, ಉದ್ದವಾಗುತ್ತದೆ. ಆದರೆ ಪ್ರೌಢವಾಗುವುದಿಲ್ಲ. ಕಾಯುತ್ತದೆ. ಕಪ್ಪೆಯನ್ನು ಹಾವು ತಿಂದರೆ ಹಾವಿನ ಮಾಂಸಕ್ಕೆ ದಾಟಿ, ಅಲ್ಲೂ ಮರಿಯಾಗಿಯೇ ಕಾಯುತ್ತದೆ. ನಾಯಿಯೋ ಬೆಕ್ಕೋ ತಿಂದಾಗ ಮಾತ್ರ ಅದರ ಪಯಣ ಮುಗಿಯುತ್ತದೆ. ಕರುಳಿಗೆ ಕಚ್ಚಿಕೊಂಡು, ಪ್ರೌಢವಾಗಿ, ಮೊಟ್ಟೆಯಿಡತೊಡಗುತ್ತದೆ.

ಮನುಷ್ಯ ಈ ಸರಣಿಯಲ್ಲಿ ಇರಬೇಕಾದವನಲ್ಲ. ಸೈಕ್ಲೋಪ್ಸ್ ಇರುವ ಹಳ್ಳದ ನೀರು ಕುಡಿದಾಗ, ಹಸಿಯಾದ ಇಲ್ಲವೇ ಅರೆಬೆಂದ ಕಪ್ಪೆ ಮತ್ತು ಹಾವಿನ ಮಾಂಸ ತಿಂದಾಗ ಅವನು ಅಕಸ್ಮಾತ್ತಾಗಿ ಸಿಕ್ಕಿಕೊಳ್ಳುತ್ತಾನೆ. ಮೂರನೆಯ ದಾರಿ ಇನ್ನೂ ವಿಚಿತ್ರ. ಚೀನಾ ಮತ್ತು ವಿಯೆಟ್ನಾಂನ ಹಳ್ಳಿಗಳಲ್ಲಿ ಕೆಂಪಾದ ಕಣ್ಣಿಗೆ, ಹುಣ್ಣಿಗೆ ತಂಪು ನೀಡುತ್ತದೆಂಬ ನಂಬಿಕೆಯಿಂದ ಕಪ್ಪೆಯ ಹಸಿ ಮಾಂಸವನ್ನು ಪಟ್ಟಿಯಂತೆ ಕಟ್ಟುವ ರೂಢಿಯಿತ್ತು. ಕಪ್ಪೆಯ ಮಾಂಸದಲ್ಲಿ ಜೀವಂತವಿದ್ದ ಮರಿಹುಳು ಬಿಸಿ ಮೈಯನ್ನು ಅರಸಿ ನೇರವಾಗಿ ಕಣ್ಣಿನ ಗೂಡಿಗೆ ಹರಿದು ಬರುತ್ತಿತ್ತು. ನೋವಿಗೆಂದು ಕಟ್ಟಿದ ಮದ್ದೇ ಕಣ್ಣಿಗೆ ಮುಳುವಾಗುತ್ತಿತ್ತು.

ಮನುಷ್ಯನ ದೇಹದಲ್ಲಿ ಈ ಮರಿ ಪ್ರೌಢವಾಗುವುದಿಲ್ಲ. ಚರ್ಮದಡಿ, ಕಣ್ಣಿನಲ್ಲಿ, ಒಮ್ಮೊಮ್ಮೆ ಮಿದುಳಿನಲ್ಲಿ ವರ್ಷಗಟ್ಟಲೆ ಅಲೆಯುತ್ತದೆ. ಮಿದುಳು ಸೇರಿದರೆ ಅಪಸ್ಮಾರ, ತಲೆನೋವು, ಪಾರ್ಶ್ವವಾಯುವಿನಂಥ ತೊಂದರೆಗಳು ತಲೆದೋರುತ್ತವೆ. ಔಷಧಗಳು ಅದರ ಮೇಲೆ ಅಷ್ಟಾಗಿ ನಾಟುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಇಡೀ ಹುಳುವನ್ನು ಹೊರತೆಗೆಯುವುದೇ ಇಂದಿಗೂ ಮುಖ್ಯ ಚಿಕಿತ್ಸೆ.

ಹಾಂಗ್‌ಕಾಂಗ್‌ನಿಂದ ಲಂಡನ್ನಿಗೆ

1883ರ ಕೊನೆಗೆ ಮ್ಯಾನ್ಸನ್ ಏಮಾಯ್ ತೊರೆದು ಹಾಂಗ್‌ಕಾಂಗ್‌ನಲ್ಲಿ ವೈದ್ಯವೃತ್ತಿ ಆರಂಭಿಸಿದರು. 1887ರಲ್ಲಿ ಅಲ್ಲಿ ಚೀನೀಯರಿಗಾಗಿ ವೈದ್ಯಕೀಯ ಕಾಲೇಜು ಸ್ಥಾಪನೆಯಾದಾಗ ಅದರ ಮೊದಲ ಡೀನ್ ಆದರು. 1892ರಲ್ಲಿ ಅಲ್ಲಿಂದ ಹೊರಬಂದ ಮೊದಲ ಪದವೀಧರರಲ್ಲಿ ಒಬ್ಬರು ಸನ್ ಯಾಟ್‌ಸೆನ್. ಮುಂದೆ ಚೀನಾ ಗಣರಾಜ್ಯದ ಸ್ಥಾಪಕರಾದ ಅವರನ್ನು 1896ರಲ್ಲಿ ಲಂಡನ್ನಿನ ಚೀನೀ ರಾಯಭಾರ ಕಚೇರಿಯಲ್ಲಿ ಸೆರೆಯಿಟ್ಟಾಗ, ಬಿಡುಗಡೆಗೆ ಓಡಾಡಿದ ಇಬ್ಬರು ಗುರುಗಳು ಜೇಮ್ಸ್ ಕ್ಯಾಂಟ್ಲಿ ಮತ್ತು ಮ್ಯಾನ್ಸನ್.

1889ರಲ್ಲಿ ಸ್ವದೇಶಕ್ಕೆ ಮರಳಿದ ಮ್ಯಾನ್ಸನ್ ವಿಶ್ರಾಂತ ಜೀವನದ ಕನಸು ಕಂಡಿದ್ದರು. ಚೀನೀ ನಾಣ್ಯದ ಮೌಲ್ಯ ಕುಸಿದು ಉಳಿತಾಯ ಕರಗಿದಾಗ ಮತ್ತೆ ದುಡಿಯುವುದು ಅನಿವಾರ್ಯವಾಯಿತು. 1890ರಲ್ಲಿ ಲಂಡನ್ ಸೇರಿ, 1892ರಲ್ಲಿ ನಾವಿಕರ ಆಸ್ಪತ್ರೆಯ ವೈದ್ಯರಾದರು. ಉಷ್ಣವಲಯದಿಂದ ಹಡಗಿನಲ್ಲಿ ಬರುತ್ತಿದ್ದ ರೋಗಿಗಳೇ ಅಲ್ಲಿ ಅವರ ಪ್ರಯೋಗಶಾಲೆ.

ಬೆಂಗಳೂರಿಗೆ ಬರುತ್ತಿದ್ದ ಪತ್ರಗಳು

1894ರಲ್ಲಿ ಭಾರತದಿಂದ ರಜೆಗೆ ಬಂದಿದ್ದ ಸೇನಾ ವೈದ್ಯ ರೊನಾಲ್ಡ್ ರಾಸ್ ಅವರಿಗೆ ಮ್ಯಾನ್ಸನ್ ಮಲೇರಿಯಾ ಪರೋಪಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟರು. ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿ ಕಂಡುಹಿಡಿದಿದ್ದ ಆ ಜೀವಿಯ ಮುಂದಿನ ಬೆಳವಣಿಗೆ ಸೊಳ್ಳೆಯಲ್ಲೇ ಆಗುತ್ತದೆಂಬ ತಮ್ಮ ಸಿದ್ಧಾಂತವನ್ನು ಅದೇ ವರ್ಷ ಪ್ರಕಟಿಸಿದರು. ಅದನ್ನು ಸಾಧಿಸುವ ಹೊಣೆ ರಾಸ್ ಹೆಗಲೇರಿತು.

1895ರಲ್ಲಿ ರಾಸ್ ಸಿಕಂದರಾಬಾದಿನಲ್ಲಿ ಕೆಲಸ ಆರಂಭಿಸಿದರು. ಅದೇ ವರ್ಷ ಕಾಲರಾ ನಿಯಂತ್ರಣಕ್ಕೆಂದು ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಲಂಡನ್ ಮತ್ತು ಭಾರತದ ನಡುವೆ ನೂರಕ್ಕೂ ಹೆಚ್ಚು ಪತ್ರಗಳು ಓಡಾಡಿದವು. ಮ್ಯಾನ್ಸನ್ ಅವರ ಹಳೆಯ ಅರ್ಧ ಸತ್ಯ ಇಲ್ಲಿ ಬೆಲೆ ಕೇಳಿತು. ಗುರುವಿನ ಮಾತು ನಂಬಿ ರಾಸ್, ಸೊಳ್ಳೆಗಳು ಸತ್ತ ನೀರನ್ನು ಭಾರತೀಯ ಸ್ವಯಂಸೇವಕರಿಗೆ ಕುಡಿಸಿ ಪರೀಕ್ಷಿಸಿದರು. ಫಲ ಸಿಗಲಿಲ್ಲ. ಸೋಂಕು ಹರಡುವುದು ಕಚ್ಚುವಿಕೆಯಿಂದಲೇ ಇರಬಹುದೆಂಬ ಯೋಚನೆ ಬಲಿತದ್ದು ಬೆಂಗಳೂರಿನ ದಿನಗಳಲ್ಲಿ. ಅಲ್ಲಿ ಮಾಡಿದ ಪ್ರಯೋಗಗಳೂ ಕೈಗೂಡಲಿಲ್ಲ, ಏಕೆಂದರೆ ಬಳಸಿದ ಸೊಳ್ಳೆಯ ಜಾತಿಯೇ ಬೇರೆ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ರಾಸ್ ಪರೋಪಜೀವಿಯನ್ನು ಕಂಡರು. 1898ರಲ್ಲಿ ಕಲ್ಕತ್ತಾದಲ್ಲಿ ಹಕ್ಕಿಗಳ ಮಲೇರಿಯಾದ ಮೂಲಕ ಕಚ್ಚುವಿಕೆಯ ಪಾತ್ರವನ್ನೂ ಸಾಬೀತುಪಡಿಸಿದರು. ಶಿಷ್ಯನ ಗೆಲುವನ್ನು ಎಡಿನ್‌ಬರೋದ ವೈದ್ಯ ಸಮ್ಮೇಳನದಲ್ಲಿ ಪ್ರಕಟಿಸಿದವರು ಮ್ಯಾನ್ಸನ್. 1902ರ ನೊಬೆಲ್ ಪ್ರಶಸ್ತಿ ರಾಸ್ ಒಬ್ಬರಿಗೇ ಸಂದಿತು. ಕಾಲಕ್ರಮೇಣ ಗುರುಶಿಷ್ಯರ ನಡುವೆ ಮನಸ್ತಾಪ ಬೆಳೆದು, ಆ ಬಾಂಧವ್ಯ ಕಹಿಯಲ್ಲಿ ಕೊನೆಗೊಂಡಿತು.

ಮಗನ ಮೇಲೆ ಪ್ರಯೋಗ

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆಂದು ನಂಬಿದ್ದವರು 1900ರಲ್ಲೂ ಬಹಳ ಮಂದಿಯಿದ್ದರು. ಅವರ ಸಂಶಯ ನೀಗಲು ಮ್ಯಾನ್ಸನ್ ರೋಮ್‌ನಿಂದ ಸೋಂಕಿತ ಸೊಳ್ಳೆಗಳನ್ನು ಲಂಡನ್ನಿಗೆ ತರಿಸಿದರು. ವೈದ್ಯ ವಿದ್ಯಾರ್ಥಿಯಾಗಿದ್ದ ಅವರ ಮಗ ಪ್ಯಾಟ್ರಿಕ್ ಥರ್ಬರ್ನ್ ಮ್ಯಾನ್ಸನ್ ಆ ಸೊಳ್ಳೆಗಳಿಗೆ ಕೈಯೊಡ್ಡಿದರು. ಮಲೇರಿಯಾ ಇಲ್ಲದ ಲಂಡನ್ನಿನಲ್ಲಿ ಯುವಕನಿಗೆ ಚಳಿಜ್ವರ ಬಂತು. ರಕ್ತದಲ್ಲಿ ಪರೋಪಜೀವಿ ಕಂಡಿತು. ಕ್ವಿನೈನ್ ಅವರನ್ನು ಉಳಿಸಿತು. ಆದರೆ ಆ ಮಗ ಹೆಚ್ಚು ಕಾಲ ಬದುಕಲಿಲ್ಲ. 1902ರಲ್ಲಿ ಬೆರಿಬೆರಿ ರೋಗದ ಅಧ್ಯಯನಕ್ಕೆಂದು ಕ್ರಿಸ್‌ಮಸ್ ದ್ವೀಪಕ್ಕೆ ಹೋಗಿದ್ದಾಗ ಬಂದೂಕಿನ ಅವಘಡದಲ್ಲಿ ತೀರಿಕೊಂಡರು.

ಅದೇ 1900ರಲ್ಲಿ ಮ್ಯಾನ್ಸನ್ ಅವರ ಸಹೋದ್ಯೋಗಿ ಜಾರ್ಜ್ ಕಾರ್ಮೈಕೇಲ್ ಲೋ, ಫೈಲೇರಿಯಾ ಮರಿಗಳು ಸೊಳ್ಳೆಯ ಸೊಂಡಿಲಿಗೆ ಬಂದು ನಿಂತಿರುವುದನ್ನು ತೋರಿಸಿದರು. ಕುಡಿಯುವ ನೀರಿನ ವಾದ ಅಲ್ಲಿಗೆ ಬಿದ್ದುಹೋಯಿತು. ಗುರುವಿನ ತಪ್ಪನ್ನು ತಿದ್ದಿದ ಆ ಕೆಲಸ ನಡೆದದ್ದು, ಮ್ಯಾನ್ಸನ್ ಅವರ ಪ್ರಯತ್ನದಿಂದ 1899ರಲ್ಲಿ ಆರಂಭವಾದ ಲಂಡನ್ನಿನ ಉಷ್ಣವಲಯದ ವೈದ್ಯ ಶಾಲೆಯಲ್ಲಿಯೇ.

ಕೊನೆಯ ವರ್ಷಗಳು

ವಸಾಹತು ಕಚೇರಿಯ ವೈದ್ಯ ಸಲಹೆಗಾರರಾಗಿ ಮ್ಯಾನ್ಸನ್ ಬ್ರಿಟಿಷ್ ಆಡಳಿತದ ಅಗತ್ಯಗಳಿಗೂ ದುಡಿದರು. ವಸಾಹತುಗಳಿಗೆ ತೆರಳುವ ಅಧಿಕಾರಿಗಳು ಜೀವಂತ ಉಳಿಯಬೇಕೆಂಬುದು ಆ ಶಾಲೆಯ ಹಿಂದಿನ ಒಂದು ಉದ್ದೇಶವಾಗಿತ್ತೆಂಬುದನ್ನು ಇತಿಹಾಸಕಾರರು ಮರೆಮಾಚುವುದಿಲ್ಲ. 1898ರಲ್ಲಿ ಅವರು ಬರೆದ ಉಷ್ಣವಲಯದ ರೋಗಗಳ ಕೈಪಿಡಿ ಪರಿಷ್ಕೃತ ಆವೃತ್ತಿಗಳಲ್ಲಿ ಇಂದಿಗೂ ವೈದ್ಯರ ಮೇಜಿನ ಮೇಲಿದೆ. 1902ರಲ್ಲಿ ವೆಸ್ಟ್ ಇಂಡೀಸ್‌ನಿಂದ ಬಂದ ರೋಗಿಯಲ್ಲಿ ಪಕ್ಕೆಮುಳ್ಳಿರುವ ಮೊಟ್ಟೆಗಳನ್ನು ಗಮನಿಸಿದ ಅವರು, ಅದು ಬೇರೆಯದೇ ಜಾತಿಯ ರಕ್ತಹುಳುವಿರಬೇಕೆಂದು ಶಂಕಿಸಿದರು. 1907ರಲ್ಲಿ ಆ ಚಪ್ಪಟೆ ಹುಳುವಿಗೂ ಅವರ ಹೆಸರೇ ದೊರೆಯಿತು. ಅದರ ಮರಿಗಳಿಗೆ ಆಸರೆ ಕೊಡುವುದೂ ಸಿಹಿನೀರಿನ ಬಸವನಹುಳುವೇ.

1903ರಲ್ಲಿ ಸರ್ ಪದವಿ, 1907ರಲ್ಲಿ ಉಷ್ಣವಲಯದ ವೈದ್ಯಶಾಸ್ತ್ರ ಸಂಘದ ಮೊದಲ ಅಧ್ಯಕ್ಷ ಸ್ಥಾನ ಒಲಿದವು. ಗೌಟ್ ರೋಗದಿಂದ ದೀರ್ಘಕಾಲ ನರಳಿದ ಅವರು 1912ರಲ್ಲಿ ನಿವೃತ್ತರಾದರು. 1922ರ ಏಪ್ರಿಲ್ 9ರಂದು ಲಂಡನ್ನಿನಲ್ಲಿ ನಿಧನರಾದಾಗ ಅವರಿಗೆ 77 ವರ್ಷ. ಹುಟ್ಟೂರಿನ ನೆರೆಯ ಅಬರ್ಡೀನಿನಲ್ಲಿ ಅವರ ಸಮಾಧಿಯಿದೆ.

ಏಮಾಯ್‌ನ ಶವಪರೀಕ್ಷೆಯಲ್ಲಿ ಸಿಕ್ಕ ಹುಳು ಮಾತ್ರ ವೈದ್ಯರನ್ನು ಇನ್ನೂ ಬಿಟ್ಟಿಲ್ಲ. ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ ಸೋಂಕು ಮುಂದುವರಿದಿದೆ. ಭಾರತದಿಂದಲೂ ಆಗೊಂದು ಈಗೊಂದು ಪ್ರಕರಣ ವರದಿಯಾಗಿದೆ. ಬ್ರಿಟನ್ನಿನಲ್ಲಿ ರೋಗಿಯೊಬ್ಬರ ಮಿದುಳಿನಲ್ಲಿ ನಾಲ್ಕು ವರ್ಷ ಅಲೆದಿದ್ದ ಇದೇ ಬಗೆಯ ಮರಿಹುಳುವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಅದರ ಜೀನೋಮ್ ಅನ್ನು 2014ರಲ್ಲಿ ಪ್ರಕಟಿಸಲಾಯಿತು. ಯಾವ ಔಷಧ ಅದರ ಮೇಲೆ ಕೆಲಸ ಮಾಡಬಹುದೆಂಬ ಹುಡುಕಾಟಕ್ಕೆ ಆ ಮಾಹಿತಿ ಬಳಕೆಯಾಗುತ್ತಿದೆ. ತಡೆಯುವ ಉಪಾಯವಂತೂ ಸರಳ. ಕಾಡುಕಪ್ಪೆ, ಹಾವುಗಳ ಹಸಿ ಮಾಂಸವನ್ನು ತಿನ್ನದಿರುವುದು, ಹುಣ್ಣಿಗೂ ಕಣ್ಣಿಗೂ ಅದನ್ನು ಕಟ್ಟದಿರುವುದು, ಹಳ್ಳಕೊಳ್ಳದ ನೀರನ್ನು ಸೋಸಿ, ಕುದಿಸಿ ಕುಡಿಯುವುದು. ಮ್ಯಾನ್ಸನ್ ಕಾಲದ ಏಮಾಯ್‌ನ ರೈತನಿಗೆ ಇಷ್ಟನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಹುಳು ಅವರ ಕೈಗೆ ಸಿಕ್ಕಿತ್ತು, ಕಪ್ಪೆಯ ಕಡೆಗೆ ಮಾತ್ರ ಯಾರ ಕಣ್ಣೂ ಇನ್ನೂ ಹೊರಳಿರಲಿಲ್ಲ.